ಸಂದಿಗೆ ಬಂದ ಚೆಂಡು

ಎಲಾದಿಯೊನ ಮೈಗೆ ಕತ್ತರಿ ಹಾಕಿದ ಡಾಕ್ಟರುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದರೆ ಎರಡು ತಂಡ ಕಟ್ಟಿ ಬೇಸ್‌ಬಾಲ್ ಆಡಿಸಬಹುದಿತ್ತು, ಮಿಕ್ಕವರನ್ನು ಅಂಪೈರ್ ಮಾಡಿ ಬಯ್ಯಬಹುದಿತ್ತು. ಎಡ ಮೊಣಕಾಲಿಗೆ ಎರಡು ಸಲ, ಬಲಗೈ ಮಣಿಕಟ್ಟಿಗೆ ಒಂದು ಸಲ, ಬಲಭುಜಕ್ಕೆ ಎರಡು ಸಲ. ಮೊಣಕಾಲಿನೊಳಗೆ ಎಷ್ಟು ಕಬ್ಬಿಣ ಇಟ್ಟಿದ್ದರೆಂದರೆ, ಮಳೆಗಾಲದಲ್ಲಿ ತನ್ನ ಮಗ ಕುಂಟುವುದಿಲ್ಲ, ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಾನೆ ಎಂದು ಅವನ ತಾಯಿ ಎರ್ಮಿನಿಯಾ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಎಲಾದಿಯೊ ಶಾರ್ಟ್‌ಸ್ಟಾಪ್. ಎರಡನೆಯ ಬೇಸಿಗೂ ಮೂರನೆಯ ಬೇಸಿಗೂ ನಡುವೆ ನಿಂತು, ನೆಲ ಹಿಡಿದು ಬರುವ ಚೆಂಡನ್ನು ಬಾಚಿ, ಹೊಡೆದವನು ಓಡಿ ಮೊದಲ ಬೇಸು ಮುಟ್ಟುವುದರೊಳಗೆ ಅಲ್ಲಿಗೆ ಎಸೆಯುವುದು ಅವನ ಕೆಲಸ. ಸಾನ್ ಪೆದ್ರೊದಲ್ಲಿ ಗಂಡು ಮಗು ಹುಟ್ಟಿದರೆ ಸೂಲಗಿತ್ತಿ ಮೊದಲು ಕೈ ನೋಡುತ್ತಾಳೆ, ಆಮೇಲೆ ಮಿಕ್ಕದ್ದನ್ನು. ಎಲಾದಿಯೊನ ಕೈ ನೋಡಿ ಅವಳು ಕೂಲಿಯನ್ನೇ ಕೇಳದೆ ಹೋದಳಂತೆ. ಕಬ್ಬಿನ ಗದ್ದೆಯ ಅಂಚಿನ ಕಲ್ಲು ನೆಲದಲ್ಲಿ, ಹಾಲಿನ ಡಬ್ಬಿಯ ರಟ್ಟನ್ನೇ ಕೈಗೆ ಕಟ್ಟಿಕೊಂಡು, ಕಪ್ಪೆಯ ಹಾಗೆ ಎತ್ತೆತ್ತಲೋ ನೆಗೆಯುವ ಚೆಂಡನ್ನು ಹಿಡಿದು ಬೆಳೆದವನು ಅವನು. ತಟ್ಟೆಯ ಮೇಲಿನ ನೊಣ ಹಾರುವ ಮುಂಚೆ ಅದರ ಕಾಲು ಎಣಿಸುತ್ತಿದ್ದ. ಹದಿನೇಳನೆಯ ವಯಸ್ಸಿಗೆ ಸಮುದ್ರದಾಚೆ ಉತ್ತರದ ದೇಶದ ಒಂದು ತಂಡ ಅವನಿಂದ ಸಹಿ ಹಾಕಿಸಿಕೊಂಡಾಗ ಇಡೀ ಕೇರಿ ಮೂರು ದಿನ ಆಡಿನ ಸಾರು ಉಂಡಿತು. ಆ ಕೇರಿಯ ಆಡುಗಳು ಇವತ್ತಿಗೂ ಎರ್ಮಿನಿಯಾಳ ಮನೆ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತವೆ.

ಆಮೇಲೆ ಹದಿಮೂರು ವರ್ಷ, ಬಹುಪಾಲು ಅಲ್ಲಿನ ಕೆಳಗಿನ ಲೀಗುಗಳಲ್ಲಿ. ಮೊದಲ ಸಲ ದೊಡ್ಡ ಲೀಗಿಗೆ ಕರೆ ಬಂದಾಗ ಇಪ್ಪತ್ತೆರಡು ದಿನ ಆಡಿದ. ಇಪ್ಪತ್ತಮೂರನೆಯ ದಿನ ಎತ್ತಿನಂಥ ಒಬ್ಬ ಓಟಗಾರ ಜಾರಿಕೊಂಡು ಬಂದು ಅವನ ಮೊಣಕಾಲಿನ ಮೇಲೆ ಕೂತ. ಎರಡು ವರ್ಷ ಹೆಣಗಿ ಮತ್ತೆ ಮೇಲೆ ಹತ್ತಿದ. ಹನ್ನೊಂದು ದಿನಕ್ಕೆ ಮಣಿಕಟ್ಟಿನ ಎಲುಬು ಮುರಿಯಿತು, ಯಾರೂ ಮುಟ್ಟದೆ, ಬರೀ ಬ್ಯಾಟು ಬೀಸಿದ್ದಕ್ಕೆ. ಮೂರನೆಯ ಸಲ ಎಂಟು ದಿನ, ಭುಜ. ಒಟ್ಟು ನಲವತ್ತೊಂದು ದಿನ. ಎರ್ಮಿನಿಯಾ ಅದನ್ನು ಎರಡು ವರ್ಷ ಎಂದು ಹೇಳುತ್ತಿದ್ದಳು. ಕೇಳುವವರು ಬೇರೆ ಊರಿನವರಾದರೆ ನಾಲ್ಕು.

ನೋವು ಅವನನ್ನು ತಿನ್ನಲಿಲ್ಲ. ನೋವಿಗೆ ಅವನು ಹಳೆಯ ಬಾಡಿಗೆದಾರನಿಗೆ ಒಗ್ಗುವ ಹಾಗೆ ಒಗ್ಗಿಹೋಗಿದ್ದ. ತಿಂದದ್ದು ಆ ಕಾಯುವಿಕೆ. ಹಿಮ ಬೀಳುವ ಊರುಗಳಲ್ಲಿ, ಕಿಟಕಿ ಇಲ್ಲದ ಕೋಣೆಗಳಲ್ಲಿ, ರಬ್ಬರಿನ ಹಗ್ಗ ಎಳೆಯುತ್ತ, ನಿಂಬೆಹಣ್ಣಿನಷ್ಟು ಭಾರವನ್ನು ನೂರು ಸಲ ಎತ್ತುತ್ತ, ಹೊರಗೆ ಜನರ ಕೂಗು ಕೇಳಿದಾಗ ಯಾರ ಚೆಂಡು ಯಾರು ಹಿಡಿದರೋ ಎಂದು ಗೋಡೆ ನೋಡುತ್ತ ಕೂರುವುದು. ಪ್ರತಿ ಸಲ ಎದ್ದು ಬಂದಾಗ ಅವನ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಿದ್ದ, ಅವನಿಗಿಂತ ಎಳೆಯವನು, ಅವನನ್ನು ಕಂಡು ಮರ್ಯಾದೆಯಿಂದ ಬದಿಗೆ ಸರಿಯುವವನು. ಆ ಮರ್ಯಾದೆ ಮೊಣಕಾಲಿಗಿಂತ ಹೆಚ್ಚು ನೋಯುತ್ತಿತ್ತು.

ಮೂವತ್ತು ತುಂಬಿದ ವರ್ಷ, ಸೆಪ್ಟೆಂಬರಿನಲ್ಲಿ, ತಂಡದವರು ಫೋನು ಮಾಡಿ ಅವನನ್ನು ಕೈಬಿಟ್ಟರು. ಅಕ್ಟೋಬರಿನಲ್ಲಿ ಊರಿಗೆ ಬಂದ. ಇಲ್ಲಿನ ಚಳಿಗಾಲದ ಲೀಗಿನಲ್ಲಿ ಊರ ತಂಡದ ಮೇಸ್ತ್ರಿ ದೊನ್ ಬಿಯೆನ್ವೆ ಅವನಿಗೆ ಜಾಗ ಕೊಟ್ಟ. ಕೊಟ್ಟದ್ದು ಅರ್ಧ ಹಳೆಯ ಹೆಸರಿಗಾಗಿ, ಇನ್ನರ್ಧ ಎರ್ಮಿನಿಯಾಳ ಬಾಯಿಗೆ ಹೆದರಿ.

ಹತ್ತಿರದ ಎಸೆತಗಳು ಅವನಿಗೆ ಇನ್ನೂ ಬರುತ್ತಿದ್ದವು. ಕೈ ಮೊದಲಿನಷ್ಟೇ ಚುರುಕು, ಕಾಲು ಸುಮಾರು. ಬಾರದೇ ಇದ್ದದ್ದು ಒಂದೇ. ಅವನ ಬಲಗಡೆಗೆ, ಅವನಿಗೂ ಮೂರನೆಯ ಬೇಸಿನವನಿಗೂ ನಡುವೆ ಒಂದು ಸಂದಿ ಇದೆ. ಆ ಸಂದಿಯ ಆಳಕ್ಕೆ ಓಡಿ, ಚೆಂಡು ಹಿಡಿದು, ಬಲಗಾಲೂರಿ, ಮೈದಾನದ ಆ ತುದಿಗಿರುವ ಮೊದಲ ಬೇಸಿಗೆ ಒಂದೇ ಏಟಿಗೆ ಎಸೆಯಬೇಕು. ಶಾರ್ಟ್‌ಸ್ಟಾಪ್ ಆದವನ ಗಂಡಸುತನವೆಲ್ಲ ಆ ಒಂದು ಎಸೆತದಲ್ಲಿದೆ. ಎಲಾದಿಯೊನ ಭುಜ ಅಷ್ಟು ದೂರಕ್ಕೆ ಒಪ್ಪುತ್ತಿರಲಿಲ್ಲ.

ತಂಡದಲ್ಲಿ ಇದು ಗೊತ್ತಿದ್ದದ್ದು ಒಬ್ಬನಿಗೆ, ಮೂರನೆಯ ಬೇಸಿನಲ್ಲಿ ನಿಲ್ಲುವ ಫೌಸ್ತೊಗೆ. ಫೌಸ್ತೊ ಎಲಾದಿಯೊಗಿಂತ ಮೂರು ವರ್ಷ ಚಿಕ್ಕವನು, ಪಕ್ಕದ ಮನೆಯವನು, ಅವನ ಬೆನ್ನಿಗೇ ಚೆಂಡು ಹೆಕ್ಕುತ್ತ ಬೆಳೆದವನು. ಉತ್ತರಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ಇಲ್ಲಿ ಚಳಿಗಾಲದಲ್ಲಿ ಆಡುವುದು, ಮಿಕ್ಕ ದಿನ ಮೋಟಾರ್ ಸೈಕಲ್ಲಿನಲ್ಲಿ ಜನರನ್ನು ಹೊತ್ತು ತಿರುಗುವುದು, ಹುಂಜ ಸಾಕುವುದು, ಇಷ್ಟೇ ಅವನ ಬದುಕು. ಎಲಾದಿಯೊನ ಮಗಳು ಮಿಲೇಡಿಗೆ ಜ್ಞಾನಸ್ನಾನ ಮಾಡಿಸಿದಾಗ ಮಗುವನ್ನು ಎತ್ತಿ ಹಿಡಿದವನು ಅವನೇ. ಅಲ್ಲಿಂದ ಮಗುವಿನ ಅಪ್ಪನೂ ಜ್ಞಾನತಂದೆಯೂ ಒಬ್ಬರಿಗೊಬ್ಬರು ಕೊಂಪಾಯ್.

ಮಗುವಿನ ತಲೆಗೆ ನೀರು ಬಿದ್ದ ಗಳಿಗೆಯಿಂದ ಕೊಂಪಾಯ್‌ಗಳ ಬಾಳೇ ಬೇರೆ. ಹಿಂದಿನ ದಿನದವರೆಗೆ ಕಿವಿ ಹಿಂಡಿಕೊಂಡವರು ಮರುದಿನದಿಂದ ಬಹುವಚನದಲ್ಲಿ ಮಾತಾಡುತ್ತಾರೆ. ಕೊಂಪಾಯ್ ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಕೊಂಪಾಯ್‌ಗೆ ಎದುರಿಗೆ ಕಹಿ ಹೇಳಬಾರದು. ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಕೊಂಪಾಯ್ ಎನ್ನುವ ಮುಂಚೆ ಎರಡು ಲೋಟ ಕಾಫಿ ಕುಡಿದು ಹವಾಮಾನ ವಿಚಾರಿಸುವ ಜನ. ಕೊಂಪಾಯ್‌ಗಳು ಜಗಳಾಡಿದರೆ ಸತ್ತವರು ಕೂಡ ಗೋರಿಯೊಳಗೆ ಮಗ್ಗುಲು ಬದಲಿಸುತ್ತಾರೆ ಎಂದು ಮುದುಕಿಯರು ಶಿಲುಬೆ ಎಳೆದುಕೊಳ್ಳುತ್ತಾರೆ.

ಹಾಗಾಗಿ ಫೌಸ್ತೊ ಏನೂ ಹೇಳಲಿಲ್ಲ. ಮೊದಲ ದಿನದ ಅಭ್ಯಾಸದಲ್ಲಿ ಎಲಾದಿಯೊ ಭುಜ ಹಿಡಿದುಕೊಂಡದ್ದನ್ನು ನೋಡಿದ. ಮರುದಿನ ಆಟ ಶುರುವಾದಾಗ ತನ್ನ ಜಾಗದಿಂದ ನಾಲ್ಕು ಹೆಜ್ಜೆ ಸಂದಿಯ ಕಡೆಗೆ ಸರಿದು ನಿಂತ. ಅಷ್ಟೇ. ಸಂದಿಗೆ ಬಂದ ಚೆಂಡನ್ನೆಲ್ಲ ಎಲಾದಿಯೊ ತಲುಪುವ ಮುಂಚೆ ಅಡ್ಡ ಬಂದು ಬಾಚಿಕೊಂಡ. ಅವನು ಬಿಟ್ಟ ಜಾಗದಲ್ಲಿ, ಮೈದಾನದ ಅಂಚಿನ ಸುಣ್ಣದ ಗೆರೆಯ ಪಕ್ಕದಲ್ಲಿ, ಎರಡು ಚೆಂಡು ಸುಯ್ಯನೆ ಹಾದುಹೋದವು. ದೊನ್ ಬಿಯೆನ್ವೆ ಎಲ್ಲರೆದುರು ಅವನಿಗೆ ಬಾಯಿಗೆ ಬಂದಂತೆ ಬೈದ, ಫೌಸ್ತೊ ತಲೆ ತಗ್ಗಿಸಿ ಬೈಸಿಕೊಂಡ. ಎಲಾದಿಯೊ ಪಕ್ಕದಲ್ಲೇ ಕೂತು ಬೂಟಿನ ಲೇಸು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಧನ್ಯವಾದ ಹೇಳಿದರೆ ಭುಜ ಹೋಗಿದೆ ಎಂದು ಒಪ್ಪಿಕೊಂಡ ಹಾಗೆ. ಮೂರು ವಾರ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ನೆಪೊ ಮನೆಗೆ ಬಂದ. ನೆಪೊ ಇದೇ ಊರಿನವನು, ಉತ್ತರದ ಒಂದು ತಂಡಕ್ಕೆ ಆಟಗಾರರನ್ನು ಹುಡುಕಿಕೊಡುವ ಕೆಲಸ. ಹೊಟ್ಟೆ ಅವನಿಗಿಂತ ಒಂದು ನಿಮಿಷ ಮುಂಚೆ ಬಾಗಿಲೊಳಗೆ ಬರುತ್ತಿತ್ತು. ಎರ್ಮಿನಿಯಾ ತೂಗುಕುರ್ಚಿಯಲ್ಲಿ ಕೂತು ಮಗನ ಭುಜಕ್ಕೆ ಹಾವಿನ ಕೊಬ್ಬು ತಿಕ್ಕುತ್ತಿದ್ದಳು.

"ಬಾ ನೆಪೊ," ಅಂದಳು. "ಈ ಭುಜಕ್ಕೆ ನಾನು ಹಚ್ಚಿರೋ ಕೊಬ್ಬಲ್ಲಿ ಇಡೀ ಊರಿಗೆ ಬಾಳೆಕಾಯಿ ಕರೀಬೋದಿತ್ತು. ಈ ದ್ವೀಪದಲ್ಲಿ ಇನ್ನು ಹಾವೇ ಉಳಿದಿಲ್ಲ."

"ಇಲ್ಲಿ ನಿಮ್ಮ ನಾಲಿಗೆ ಇದೆಯಲ್ಲ ದೋನ್ಯಾ ಎರ್ಮಿನಿಯಾ, ಹಾವು ಯಾಕೆ," ಅಂದ ನೆಪೊ, ಕೂತ. ಎರ್ಮಿನಿಯಾಗೆ ಖುಷಿಯಾಯಿತು. ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿ ಬಿತ್ತು.

ನೆಪೊ ಎಲಾದಿಯೊ ಕಡೆ ತಿರುಗಿದ. "ನೋಡು, ಸುತ್ತಿಬಳಸಿ ಹೇಳೋದು ನಂಗೆ ಬರಲ್ಲ. ಫೆಬ್ರವರಿ ಕ್ಯಾಂಪಿಗೆ ನಮ್ಮೋರಿಗೆ ಒಬ್ಬ ಬೇಕು. ಬೇಸುಗಳ ಮಧ್ಯ ನಿಲ್ಲೋನು, ಅನುಭವ ಇರೋನು. ನಿನ್ನ ಹೆಸರು ಹೇಳ್ದೆ. ನಕ್ಕರು."

"ಯಾಕೆ ನಕ್ಕರು?" ಎರ್ಮಿನಿಯಾ ಕೇಳಿದಳು.

"ಕೈ ಸತ್ತಿದೆ ಅಂತಾರೆ ದೋನ್ಯಾ. ಭಾನುವಾರ ಮಧ್ಯಾಹ್ನದ ಆಟಕ್ಕೆ ಬರ್ತೀನಿ. ಸಂದಿಯಿಂದ ಒಂದು ಎಸೆತ, ಒಂದೇ ಒಂದು. ಓಡೋನು ಓಡ್ತಾ ಇರ್ಬೇಕು, ಬೆವರು ಕಣ್ಣಿಗೆ ಇಳೀತಾ ಇರ್ಬೇಕು, ಆಗ. ಅಭ್ಯಾಸದಲ್ಲಿ ಎಸೆದು ತೋರಿಸ್ಬೇಡ. ಅಭ್ಯಾಸದಲ್ಲಿ ನಮ್ಮಜ್ಜಿನೂ ಎಸೀತಾಳೆ."

"ನಿಮ್ಮಜ್ಜಿ ಸತ್ತು ಮೂವತ್ತು ವರ್ಷ ಆಯ್ತು," ಅಂದಳು ಎರ್ಮಿನಿಯಾ.

"ಆದ್ರೂ ಎಸೀತಾಳೆ."

ಎಲಾದಿಯೊ ನಗಲಿಲ್ಲ. "ತೋರಿಸ್ತೀನಿ," ಅಂದ.

ನೆಪೊ ಹೋದ ಮೇಲೆ ಎಲಾದಿಯೊನ ಹೆಂಡತಿ ದಿಲ್ಸಿಯಾ ಒಳಗಿನಿಂದ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುವವಳು, ಮಾತನ್ನೂ ಹಾಗೇ ಅಳೆದು ಕತ್ತರಿಸುವವಳು.

"ಎಲಾದಿಯೊ, ಬರುತ್ತಾ ಆ ಎಸೆತ?"

"ಬರ್ಬೋದು."

"ಬರ್ದೇ ಇದ್ರೆ?"

ಬರದೇ ಇದ್ದರೆ ಏನು ಎಂಬುದು ಅವನಿಗೂ ಗೊತ್ತಿರಲಿಲ್ಲ. ಎಂಟನೆಯ ವಯಸ್ಸಿನಿಂದ ಅವನು ಕಲಿತದ್ದು ಇದೊಂದೇ. ಮರ ಹತ್ತಲು ಬಾರದು, ಬಸ್ಸು ಓಡಿಸಲು ಬಾರದು, ಸಕ್ಕರೆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಚೆಂಡು ಬಾರದ ಎಲಾದಿಯೊನನ್ನು ಅವನು ಒಂದು ಸಲವೂ ಭೇಟಿಯಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಫೌಸ್ತೊನ ಮನೆಗೆ ಹೋದ. ಫೌಸ್ತೊ ಅಂಗಳದಲ್ಲಿ ಹುಂಜದ ಕಾಲು ತೊಳೆಯುತ್ತಿದ್ದ. ನೆಪೊ ಬಂದು ಹೋದದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಕಿವುಡ ಆಂಸೆಲ್ಮೊಗೂ ಗೊತ್ತಾಗಿತ್ತು.

"ಬನ್ನಿ ಕೊಂಪಾಯ್. ಕೂತ್ಕೊಳಿ."

"ಹುಂಜ ಹೇಗಿದೆ ಕೊಂಪಾಯ್?"

"ಚೆನ್ನಾಗಿದೆ. ಒಂದು ಕಣ್ಣು ಕಾಣ್ಸಲ್ಲ ಅಷ್ಟೇ. ಇನ್ನೊಂದರಲ್ಲಿ ನನ್ನ ಹೆಂಡ್ತಿಗಿಂತ ಚೆನ್ನಾಗಿ ನೋಡುತ್ತೆ."

ಕಾಫಿ ಬಂತು. ಹುಂಜದ ವಂಶ, ಮಿಲೇಡಿಯ ಹಲ್ಲು, ಬಿಸಿಲು, ಎಲ್ಲ ಆಯಿತು. ಎಲಾದಿಯೊ ಲೋಟದ ತಳ ನೋಡುತ್ತ ಹೇಳಿದ: "ನಾಳೆ ಸ್ವಲ್ಪ ಗೆರೆ ಹತ್ರ ನಿಲ್ತೀರಾ ಕೊಂಪಾಯ್? ಆ ಕಡೆ ಚೆಂಡು ಹೋಗ್ತಾ ಇವೆ. ದೊನ್ ಬಿಯೆನ್ವೆ ನಿಮಗೆ ಬಯ್ಯೋದು ನನಗೆ ನೋಡಕ್ಕಾಗಲ್ಲ."

ಫೌಸ್ತೊ ಹುಂಜವನ್ನು ಕೆಳಗೆ ಬಿಟ್ಟ. ಅದು ಕಾಣದ ಕಣ್ಣಿನ ಕಡೆಯ ಗೋಡೆಗೆ ಹೋಗಿ ಗುದ್ದಿಕೊಂಡಿತು.

"ಭುಜ ಹೇಗಿದೆ ಕೊಂಪಾಯ್?"

"ಚೆನ್ನಾಗಿದೆ."

"ಒಳ್ಳೇದಾಯ್ತು. ನಿಲ್ತೀನಿ. ನೀವು ಹೇಳಿದ ಮೇಲೆ ಮುಗೀತು."

ಕೊಂಪಾಯ್ ಹೂಂ ಎಂದರೆ ಅದು ಮರ್ಯಾದೆ, ಒಪ್ಪಿಗೆಯಲ್ಲ. ಇದು ಆ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಎಲಾದಿಯೊಗೂ ಗೊತ್ತಿತ್ತು. ಗೊತ್ತಿದ್ದೂ ಆ ಹೂಂ ಅನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ.

ಭಾನುವಾರ ನಾಲ್ಕು ಗಂಟೆಯ ಬಿಸಿಲು ಹೇಗಿತ್ತೆಂದರೆ ಮೈದಾನದ ಹುಲ್ಲೆಲ್ಲ ನೆರಳು ಹುಡುಕುತ್ತಿತ್ತು. ಜನ ಕಿಕ್ಕಿರಿದಿದ್ದರು. ಛಾವಣಿಯ ತಗಡಿನ ಮೇಲೆ ಪಾರಿವಾಳಕ್ಕೂ ಜಾಗವಿರಲಿಲ್ಲ. ಎರ್ಮಿನಿಯಾ ಮೂರನೆಯ ಬೇಸಿನ ಹಿಂದೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಬ್ಬರ ಜಾಗ ಹಿಡಿದಿದ್ದಳು. ಮೊದಲ ಬೇಸಿನ ಕಡೆ ನೆಪೊ ಕೂತು ಪುಸ್ತಕ ತೆರೆದ.

"ಎಲಾದಿಯೊ," ಎದುರು ಊರಿನವನೊಬ್ಬ ಕೂಗಿದ. "ಹುಷಾರಪ್ಪ, ಗಾಳಿ ಬೀಸ್ತಾ ಇದೆ. ಮುರ್ಕೊಂಡೀಯ."

"ನಿನ್ನ ಹೆಂಡ್ತಿ ಮನೇಲಿ ಒಬ್ಬಳೇ ಇದ್ದಾಳೆ, ಅಲ್ಲೂ ಗಾಳಿ ಬೀಸ್ತಾ ಇದೆ, ಹೋಗು," ಎಂದು ಎರ್ಮಿನಿಯಾ ತಿರುಗಿ ಕೊಟ್ಟಳು. ಎರಡೂ ಕಡೆಯವರು ನಕ್ಕರು.

ಮೊದಲ ಎರಡು ಇನ್ನಿಂಗ್ಸು ಚೆಂಡು ಅವನ ಕಡೆ ಬರಲೇ ಇಲ್ಲ. ಫೌಸ್ತೊ ಗೆರೆಯ ಹತ್ತಿರವೇ ನಿಂತಿದ್ದ. ಮೂರನೆಯದರಲ್ಲಿ ಒಂದು ಬಂತು, ಸಂದಿಗೇ. ಎಲಾದಿಯೊ ಓಡಿದ. ಗ್ಲೌಸು ಅಡ್ಡ ಚಾಚುವಷ್ಟರಲ್ಲಿ ಫೌಸ್ತೊ ಮುಂದೆ ಹಾರಿ, ಚೆಂಡು ಬಾಚಿ, ಓಡುವವನನ್ನು ಔಟ್ ಮಾಡಿದ. ಜನ ಎದ್ದು ನಿಂತು ಕುಣಿದರು. ಎಲಾದಿಯೊ ಅವನನ್ನು ನೋಡಿದ, ಫೌಸ್ತೊ ತನ್ನ ಬೂಟು ನೋಡಿದ.

ಬೆಂಚಿನಲ್ಲಿ ಎಲಾದಿಯೊ ಮೆಲ್ಲಗೆ ಕೇಳಿದ: "ಅದು ನನ್ನದಲ್ವಾ ಕೊಂಪಾಯ್?"

"ನಿಮ್ಮದೇ ಕೊಂಪಾಯ್. ಕಾಲು ತಾನೇ ಹೋಯ್ತು. ಹಾಳಾದ್ದು ಅಭ್ಯಾಸ."

ಐದನೆಯದರಲ್ಲಿ ಇನ್ನೊಂದು. ಅದನ್ನೂ ಫೌಸ್ತೊ ಹಿಡಿದ. ಅದಾದ ಮರು ಚೆಂಡಿಗೇ ಗೆರೆಯ ಮೇಲೆ ಗುಂಡಿನಂತೆ ಹೋದದ್ದನ್ನು ಹಿಂದಕ್ಕೆ ಹಾರಿ, ನೆಲಕ್ಕೆ ಒರಗಿ, ಅದನ್ನೂ ಹಿಡಿದ. ಒಬ್ಬನೇ ಮನುಷ್ಯ ಎರಡು ಜಾಗದಲ್ಲಿ ನಿಂತಿದ್ದ. ಅವತ್ತು ಅವನು ಹಿಡಿದ ರೀತಿಗೆ, ಸಮುದ್ರದ ಕಡೆ ಹೊಡೆದಿದ್ದರೆ ಮೀನಿನ ಬಾಯಿಂದಲೂ ಕಿತ್ತು ತರುತ್ತಿದ್ದ. ನೆಪೊ ಏನನ್ನೋ ಬರೆದುಕೊಳ್ಳುವುದು ಎಲಾದಿಯೊಗೆ ಕಂಡಿತು.

ಆರನೆಯದರಲ್ಲಿ ಆದದ್ದು ಬೇರೆ. ಎಲಾದಿಯೊನ ಭುಜ ಆಗ ಕಾವೇರಿತ್ತು. ಎರಡು ವರ್ಷದಿಂದ ಇಲ್ಲದ ಒಂದು ಸಡಿಲ ಅದರೊಳಗೆ ಬಂದಿತ್ತು, ಎಣ್ಣೆ ಬಿದ್ದ ತಿರುಗಣಿಯ ಹಾಗೆ. ಚೆಂಡು ಸಂದಿಗೆ ಬಂತು. ಈ ಸಲ ಅವನು ತಲುಪಿದ್ದ. ಗ್ಲೌಸು ಇಳಿಸಿದ್ದ, ಬಲಗಾಲು ಊರಲು ಎತ್ತಿದ್ದ, ಮೊದಲ ಬೇಸು ಕಣ್ಣಿಗೆ ಅಂಗೈಯಷ್ಟು ಹತ್ತಿರ ಕಂಡಿತ್ತು. ಫೌಸ್ತೊ ಮೂಗಿನ ಕೆಳಗಿನಿಂದ ಚೆಂಡು ಕಸಿದುಕೊಂಡು ಎಸೆದ. ಔಟ್. ಜನ ಫೌಸ್ತೊ, ಫೌಸ್ತೊ ಎಂದು ಡೋಲು ಬಡಿದರು.

ಬೆಂಚಿಗೆ ಬಂದ ಕೂಡಲೇ ಎಲಾದಿಯೊ ಗ್ಲೌಸನ್ನು ಗೋಡೆಗೆ ಬೀಸಿ ಹೊಡೆದ.

"ನಾನಿನ್ನೂ ಸತ್ತಿಲ್ಲ ಫೌಸ್ತೊ. ನನ್ನ ಹೆಣ ಕಾಯಕ್ಕೆ ನಿನಗೆ ಯಾರು ಹೇಳಿದ್ದು?"

ಬೆಂಚಿನ ಮೇಲಿದ್ದವರೆಲ್ಲ ಸೂರ್ಯಕಾಂತಿ ಬೀಜ ಅಗಿಯುವುದನ್ನು ನಿಲ್ಲಿಸಿದರು. ದೊನ್ ಬಿಯೆನ್ವೆ ಶಿಲುಬೆ ಎಳೆದುಕೊಂಡ.

"ಕೊಂಪಾಯ್," ಅಂದ ಫೌಸ್ತೊ. ಅವನ ತುಟಿ ಬಿಳುಚಿತ್ತು. "ಇಷ್ಟು ಜನರ ಮುಂದೆ ಬೇಡ."

"ಇಷ್ಟು ಜನರ ಮುಂದೇನೇ ಕಿತ್ಕೊಂಡೆಯಲ್ಲ. ಉತ್ತರಕ್ಕೆ ಯಾರೂ ಕರೀಲಿಲ್ಲ ಅಂತ ಹದಿಮೂರು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ ಅನ್ಸುತ್ತೆ. ಇವತ್ತು ನೆಪೊ ಕೂತಿದ್ದಾನೆ. ಆಡು, ಚೆನ್ನಾಗಿ ಆಡು."

ಹೇಳಬಾರದ್ದು. ಬಾಯಿಂದ ಹೊರಬಿದ್ದ ಮೇಲೆ ಅದು ಅವನಿಗೂ ಕೇಳಿಸಿತು. ವಾಪಸು ತೆಗೆದುಕೊಳ್ಳಲು ಬಾಯಿ ತೆರೆದ, ಅಷ್ಟರಲ್ಲಿ ಅವನು ಬ್ಯಾಟು ಹಿಡಿಯುವ ಸರದಿ ಬಂತು. ಫೌಸ್ತೊ ಎದ್ದು ಹೋಗಿ ನೀರಿನ ಪೀಪಾಯಿಯ ಹತ್ತಿರ, ಯಾರಿಗೂ ಮುಖ ಕಾಣದ ಹಾಗೆ ನಿಂತ.

ಏಳನೆಯ ಇನ್ನಿಂಗ್ಸಿನಿಂದ ಫೌಸ್ತೊ ಗೆರೆಯ ಮೇಲೇ ನಿಂತ. ಸುಣ್ಣದ ಗೆರೆಗೆ ಹೊಲಿದು ಬಿಟ್ಟ ಹಾಗೆ. ಎಲಾದಿಯೊನ ಬಲಗಡೆಗೆ ಸಂದಿ ಬಾಯಿ ತೆರೆದುಕೊಂಡಿತ್ತು, ಅದರೊಳಗೆ ಎರಡು ಎತ್ತಿನ ಗಾಡಿ ತಿರುಗಿಸಬಹುದಿತ್ತು.

ಎಂಟನೆಯದರಲ್ಲಿ ಊರ ತಂಡ ಮೂರು, ಎದುರಾಳಿ ಎರಡು. ಇಬ್ಬರು ಔಟ್ ಆಗಿದ್ದರು, ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ಓಟಗಾರರಿದ್ದರು. ಬ್ಯಾಟಿನಿಂದ ಚೆಂಡು ಸಿಡಿದ ಸದ್ದಿಗೇ ಎಲಾದಿಯೊಗೆ ಗೊತ್ತಾಯಿತು. ಸಂದಿ. ಆಳಕ್ಕೆ. ಅವನು ಓಡಿದ. ಕಣ್ಣಿನ ಅಂಚಿನಲ್ಲಿ ಫೌಸ್ತೊ ಕಂಡ. ಫೌಸ್ತೊನ ಮೈ ಇತ್ತ ವಾಲಿತು, ಕಾಲು ಒಂದು ಸಲ ನೆಲ ಒದೆಯಿತು, ಮತ್ತೆ ಅಲ್ಲೇ ನಿಂತಿತು. ಅವನು ಬರಲಿಲ್ಲ.

ಎಲಾದಿಯೊ ಹಿಡಿದ. ಕೈ ಅಡ್ಡ ಚಾಚಿ, ಹುಲ್ಲಿನ ಅಂಚಿನಲ್ಲಿ, ಹದಿನೇಳರಲ್ಲಿ ಹಿಡಿಯುತ್ತಿದ್ದ ಹಾಗೆಯೇ ಹಿಡಿದ. ಜನರ ಉಸಿರು ಒಂದಾಗಿ ಒಳಗೆ ಹೋದದ್ದು ಅವನಿಗೆ ಕೇಳಿಸಿತು. ಬಲಗಾಲು ಊರಿದ, ಮೊಣಕಾಲು ತಡೆಯಿತು. ಚೆಂಡಿನ ಹೊಲಿಗೆಯ ಮೇಲೆ ಬೆರಳು ತಾನಾಗಿ ಕೂತವು. ಸಮಯವಿತ್ತು. ಓಡುವವನು ಇನ್ನೂ ನಾಲ್ಕು ಹೆಜ್ಜೆ ಹಿಂದಿದ್ದ. ಎಸೆದ.

ಭುಜದೊಳಗೆ ಒದ್ದೆ ಬಟ್ಟೆ ಹರಿದ ಸದ್ದಾಯಿತು. ಕೋಳಿ ಓಡಿಸಲು ಎರ್ಮಿನಿಯಾ ಬೀಸುವ ಚಪ್ಪಲಿ ಕೂಡ ಆ ಎಸೆತಕ್ಕಿಂತ ನೆಟ್ಟಗೆ ಹೋಗುತ್ತದೆ. ಚೆಂಡು ಅರ್ಧ ದಾರಿಯಲ್ಲಿ ನೆಲ ಹಿಡಿಯಿತು, ಎರಡು ಸಲ ಪುಟಿಯಿತು, ಮೊದಲ ಬೇಸಿನವನ ಎಡಕ್ಕೆ ಉರುಳಿ ಬೇಲಿಯವರೆಗೆ ಹೋಯಿತು. ಎರಡು ಓಟ ಬಂದವು. ಆಟ ಕೈಬಿಟ್ಟಿತು.

ಯಾರೂ ಕೂಗಲಿಲ್ಲ. ಎದುರು ಊರಿನವರು ಕೂಡ ಕೂಗಲಿಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅಷ್ಟು ಹೊತ್ತು ಅವನನ್ನು ಗೇಲಿ ಮಾಡಿದ ಬಾಯಿಗಳು ಈಗ ಮರ್ಯಾದೆಯಿಂದ ಮುಚ್ಚಿಕೊಂಡಿದ್ದವು. ಎರ್ಮಿನಿಯಾ ಮೊಮ್ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಶುರುಮಾಡಿದಳು. ಅವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ, ಇದನ್ನು ನೋಡಿದವರು ಮುಂದೆ ವರ್ಷಗಟ್ಟಲೆ ಹೇಳಿಕೊಂಡರು.

ಆಟ ಮುಗಿದ ಮೇಲೆ ನೆಪೊ ಮೈದಾನದ ಹೊರಗೆ, ಯಾನಿಕೇಕೆ ಕರಿಯುವವಳ ಬಾಣಲೆಯ ಪಕ್ಕದಲ್ಲಿ ಕಾಯುತ್ತಿದ್ದ. ಕೈಯಲ್ಲಿ ಕರಿದ ರೊಟ್ಟಿ, ಎಣ್ಣೆ ಮೊಣಕೈವರೆಗೆ ಇಳಿದಿತ್ತು.

"ಕೂತ್ಕೊ."

"ಕೂತ್ರೆ ಏಳಕ್ಕಾಗಲ್ಲ. ಹೇಳಿ."

"ಏನ್ ಹೇಳ್ಲಿ. ನೋಡಿದ್ಯಲ್ಲ."

"ನೋಡ್ದೆ."

"ಹಿಡಿದದ್ದು ದೇವರಾಣೆ ಚೆನ್ನಾಗಿತ್ತು."

"ಅದು ಬಿಡಿ."

ನೆಪೊ ಬೆರಳು ನೆಕ್ಕಿದ. ಹೋಗಬೇಕಾದವನು ಹೋಗಲಿಲ್ಲ. "ಇನ್ನೊಂದು ಕೇಳ್ಬೇಕಿತ್ತು. ನಿನ್ನ ಪಕ್ಕದಲ್ಲಿ ಇದ್ದೋನು. ಫೌಸ್ತೊ. ಇಪ್ಪತ್ತೇಳು ಅಲ್ವಾ? ತಡ ಆಗಿದೆ. ಆದ್ರೂ ನಲವತ್ತು ವರ್ಷದಲ್ಲಿ ಮೂರನೇ ಬೇಸಿನೋನು ಆ ಸಂದಿವರೆಗೂ ಬರೋದು ನಾನು ನೋಡಿಲ್ಲ. ನಿಜ ಹೇಳು, ಅವನು ದಿನಾ ಹಾಗೆ ಆಡ್ತಾನಾ? ಇಲ್ಲ ಇವತ್ತು ನಾನು ಕೂತಿದ್ದೆ ಅಂತ ಕುಣಿದನಾ?"

ಇವತ್ತೊಂದೇ ದಿನ. ಎರಡೇ ಮಾತು. ಎಲಾದಿಯೊನ ನಾಲಿಗೆಯ ತುದಿಗೆ ಬಂದು ಕೂತಿದ್ದವು. ಹೇಳಿದ್ದರೆ ನೆಪೊ ಪುಸ್ತಕ ಮಡಚಿಕೊಂಡು ಕಾರು ಹತ್ತುತ್ತಿದ್ದ. ಪಕ್ಕದ ಮನೆಯವನು ಪಕ್ಕದ ಮನೆಯವನಾಗಿಯೇ ಉಳಿಯುತ್ತಿದ್ದ. ಬಾಣಲೆಯಲ್ಲಿ ಒಂದು ರೊಟ್ಟಿ ಉಬ್ಬಿ, ಮಗುಚಿ, ಕೆಂಪಾಗುವುದನ್ನು ಅವನು ನೋಡಿದ.

"ಮೂರು ವಾರದಿಂದ ದಿನಾ ಹಾಗೇ ಆಡ್ತಾನೆ," ಅಂದ.

"ಯಾಕೆ? ಅದು ಅವನ ಜಾಗ ಅಲ್ವಲ್ಲ."

"ನನ್ನ ಕೈಲಾಗಲ್ಲ ಅಂತ."

ನೆಪೊ ಅವನನ್ನು ಒಂದು ಗಳಿಗೆ ನೋಡಿ, ಎಣ್ಣೆ ಬೆರಳಿನಲ್ಲೇ ಪುಸ್ತಕ ತೆರೆದು ಬರೆದುಕೊಂಡ. ಎಲಾದಿಯೊಗೆ ಪುಣ್ಯ ಮಾಡಿದ ಹಾಗೇನೂ ಅನಿಸಲಿಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗಿ ಬಂದ ಹಾಗಾಯಿತು, ಅಷ್ಟೇ. ಫೌಸ್ತೊ ತನ್ನ ಅವಕಾಶ ಕಸಿದುಕೊಳ್ಳುತ್ತಿದ್ದಾನೆ ಎಂದು ಬೆಂಚಿನ ಮೇಲೆ ತಾನು ಸುಳ್ಳಾಗಿ ಆಡಿದ ಮಾತು ಈಗ ನಿಜವಾಗಿ ಎದ್ದು ನಿಂತಿತ್ತು, ಅದೂ ತನ್ನ ಬಾಯಿಂದಲೇ.

ಭುಜವನ್ನು ಇನ್ನೊಬ್ಬ ಡಾಕ್ಟರು ನೋಡಿದ. ಕೊಯ್ಯಲು ಕೂಡ ಏನೂ ಉಳಿದಿಲ್ಲ ಎಂದ. ದೊನ್ ಬಿಯೆನ್ವೆ ಅವನ ಅಂಗಿಯನ್ನು ಇಸ್ತ್ರಿ ಮಾಡಿಸಿ, ಮಡಚಿ ಮನೆಗೆ ಕಳಿಸಿಕೊಟ್ಟ. ಕ್ರಿಸ್ಮಸ್ ಬಂತು, ಹೋಯಿತು. ಪಕ್ಕದ ಮನೆಯ ಫೌಸ್ತೊ ಮೂರು ಸಲ ಬೇಲಿಯವರೆಗೆ ಬಂದ, ಮೂರು ಸಲವೂ ಎಲಾದಿಯೊ ಹಿತ್ತಲಿಗೆ ಹೋದ. ಕ್ಷಮೆ ಕೇಳಬೇಕಾದವನು ತಾನೇ ಎಂದು ಅವನಿಗೆ ಗೊತ್ತಿತ್ತು. ಕೇಳಿದರೆ ಫೌಸ್ತೊ ಅಯ್ಯೋ ಏನೂ ಆಗಿಲ್ಲ ಕೊಂಪಾಯ್ ಎನ್ನುತ್ತಾನೆ ಎಂದೂ ಗೊತ್ತಿತ್ತು. ಅದನ್ನು ಕೇಳಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಫೆಬ್ರವರಿ ಮೊದಲ ವಾರ, ನೆಪೊ ಗೊತ್ತು ಮಾಡಿಕೊಟ್ಟ ಕ್ಯಾಂಪಿಗೆ ಹೊರಡುವ ದಿನ, ಮಧ್ಯಾಹ್ನ ಊಟದ ಹೊತ್ತಿಗೆ ಫೌಸ್ತೊ ಹೊಸ ಷರಟು ಹಾಕಿಕೊಂಡು ಬಂದ. ಎಲಾದಿಯೊ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. "ಇಲ್ಲ ಅಂತ ಹೇಳಮ್ಮ," ಅಂದ.

ಹಲಗೆಯ ಗೋಡೆ. ಹೊರಗಿನ ಸೊಳ್ಳೆಯ ಮಾತೂ ಒಳಗೆ ಕೇಳುತ್ತಿತ್ತು.

"ಎಲಾದಿಯೊ ಇಲ್ಲ ಕಣಪ್ಪ," ಅಂದಳು ಎರ್ಮಿನಿಯಾ. "ಪೇಟೆಗೆ ಹೋದ. ಕೂತ್ಕೊ, ಕಾಫಿ ಕುಡಿ. ಷರಟು ಚೆನ್ನಾಗಿದೆ. ಅಲ್ಲಿ ಚಳಿಗೆ ಮೂಗು ಕೆಳಗೆ ಬಿದ್ದೋಗುತ್ತೆ, ಬಿದ್ರೆ ಎತ್ಕೊಂಡು ಜೇಬಲ್ಲಿ ಇಟ್ಕೊ."

"ಹೂಂ ದೋನ್ಯಾ."

"ಅಪ್ಪ ಒಳಗೇ ಇದ್ದಾರೆ," ಅಂದಳು ಮಿಲೇಡಿ. "ಈಗ ತಾನೇ ಹೋದ್ರು."

ಚಮಚ ಲೋಟಕ್ಕೆ ತಾಗಿದ ಸದ್ದು ಕೇಳಿಸಿತು.

"ಗೊತ್ತು ಕಂದ," ಅಂದ ಫೌಸ್ತೊ. "ಆಯಾಸ ಆಗಿರುತ್ತೆ, ಮಲಗ್ಲಿ." ಆಮೇಲೆ ಬಾಗಿಲಿನ ಕಡೆ ಮುಖ ಮಾಡಿದ್ದಿರಬೇಕು, ದನಿ ಹತ್ತಿರ ಬಂತು. "ಕೊಂಪಾಯ್, ಹೋಗ್ಬರ್ತೀನಿ. ಅವ್ರು ನನ್ನ ಎಲ್ಲಿ ನಿಲ್ಲಿಸ್ತಾರೋ ಏನೋ, ನನಗೆ ಏನೂ ಗೊತ್ತಿಲ್ಲ. ನೀವು ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು."

ಅವನು ಕಾದ. ಎಲಾದಿಯೊಗೆ ಹೇಳಲು ಇತ್ತು. ಹದಿಮೂರು ವರ್ಷದ್ದು ಇತ್ತು. ಮೊದಲ ವಾರ ಯಾರಿಗೂ ನೋವು ತೋರಿಸಬೇಡ, ಕೆಂಪು ಮಣ್ಣಿನಲ್ಲಿ ಚೆಂಡು ತಡವಾಗಿ ಏಳುತ್ತದೆ, ಬೆಳಗಿನ ತಂಪಿನಲ್ಲಿ ಜೋರಾಗಿ ಎಸೆಯಬೇಡ. ಅವನು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿ, ಮಲಗಿದವನ ಹಾಗೆ ಉಸಿರಾಡಿದ.

ಮೋಟಾರ್ ಸೈಕಲ್ಲು ಶುರುವಾದದ್ದು ಕೇಳಿಸಿತು. ಅದು ಕೊಲ್ಮಾದೊ ಅಂಗಡಿಯ ತಿರುವು ದಾಟುವವರೆಗೂ ಕೇಳಿಸಿತು. ಎರ್ಮಿನಿಯಾ ಬಾಗಿಲು ತಳ್ಳಿ ನೋಡಿದಳು. ಏನಾದರೂ ಚುಚ್ಚುವ ಮಾತು ಆಡುತ್ತಾಳೆ ಎಂದು ಅವನು ಕಾದ. ಆಡಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಬಾಗಿಲು ಎಳೆದುಕೊಂಡು ಹೋದಳು, ಕಾಯಿಲೆಯವರ ಕೋಣೆಯ ಬಾಗಿಲನ್ನು ಎಳೆದುಕೊಳ್ಳುವ ಹಾಗೆ, ಸದ್ದಾಗದಂತೆ.

ಅವನಿಗೆ ಮೂವತ್ತು ವರ್ಷ. ಅವರ ವಂಶದಲ್ಲಿ ಗಂಡಸರು ಎಂಬತ್ತಕ್ಕೆ ಮುಂಚೆ ಸಾಯುವುದಿಲ್ಲ.